ಬೆಂಗಳೂರಿನಲ್ಲಿ ಟ್ಯೂನ್ ಮಾಡಿದ ಕಾರು ಶಿರಾಡಿ ಹತ್ತುವಾಗ

ಬೆಂಗಳೂರಿನಲ್ಲಿ ನೆಲೆಸಿದ ನಮ್ಮವರ ಕಾರುಗಳು ವರ್ಷಕ್ಕೆ ನಾಲ್ಕೈದು ಸಲವಾದರೂ ಶಿರಾಡಿ ಘಾಟಿ ಇಳಿದು ಹತ್ತುತ್ತವೆ. ಪೆರ್ನಾಳ್, ಮದುವೆ, ಮರಣ, ಮಕ್ಕಳ ರಜೆ ಎಂದು ಕಾರಣಗಳಿಗೆ ಬರವಿಲ್ಲ. ತ್ಯಾಗರಾಜನಗರ, ಬನಶಂಕರಿ, ಬಿಟಿಎಂ ಕಡೆಯಿಂದ ಹೊರಟು ನೆಲಮಂಗಲ, ಹಾಸನ, ಸಕಲೇಶಪುರ ದಾಟಿ ಮಂಗಳೂರು ಮುಟ್ಟುವಾಗ ಸುಮಾರು 350 ಕಿಲೋಮೀಟರ್ ಆಗುತ್ತದೆ. ಕಂಪೆನಿಯಿಂದ ಬಂದ ಹಾಗೆಯೇ ಇರುವ ಕಾರಿಗೆ ಇದೇನೂ ದೊಡ್ಡ ಪರೀಕ್ಷೆಯಲ್ಲ. ಆದರೆ ಈಚೆಗೆ ನಮ್ಮ ಹುಡುಗರಲ್ಲಿ ಒಂದು ಹೊಸ ಹುಚ್ಚು ಹತ್ತಿದೆ. ಅದರ ಹೆಸರು ರೀಮ್ಯಾಪ್.

‘ಲ್ಯಾಪ್‌ಟಾಪ್ ಹಾಕಿ ಅರ್ಧ ಗಂಟೆಯಲ್ಲಿ ಪಿಕಪ್ ಜಾಸ್ತಿ ಮಾಡಿ ಕೊಡ್ತಾರೆ ಮಾರಾಯ್ರೆ’ ಎಂದು ಹೇಳುವವರನ್ನು ನಾವು ತುಂಬ ಕಂಡಿದ್ದೇವೆ. ಲ್ಯಾಪ್‌ಟಾಪ್ ಹಾಕಿದ್ದು ನಿಜ. ಆದರೆ ಅಳೆದದ್ದು ಎಂತ? ಅಳೆದದ್ದು ಎಲ್ಲಿ? ಈ ಎರಡು ಪ್ರಶ್ನೆ ಕೇಳುವವರು ಕಡಿಮೆ. ಎಂಜಿನ್ನಿನ ಆಯುಷ್ಯ ಇರುವುದು ಈ ಪ್ರಶ್ನೆಗಳಲ್ಲೇ.

ಚೆನ್ನೆಮಣೆಯಂಥ ಒಂದು ಪಟ್ಟಿ

ಹಿಂದಿನ ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800ಗಳಲ್ಲಿ ಕಾರ್ಬುರೇಟರ್ ಇತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು, ಕಿವಿ ಕೊಟ್ಟು, ಹೊಗೆ ನೋಡಿ ಸರಿ ಮಾಡುತ್ತಿದ್ದ. ಈಗ ಆ ಕೆಲಸ ಇಸಿಯು ಎಂಬ ಪುಟ್ಟ ಕಂಪ್ಯೂಟರಿನದ್ದು. ಅದರೊಳಗೆ ಒಂದು ಪಟ್ಟಿ ಇರುತ್ತದೆ, ಫ್ಯೂಯೆಲ್ ಟೇಬಲ್. ಚೆನ್ನೆಮಣೆಯ ಹಾಗೆ ಅದರ ತುಂಬ ಮನೆಗಳು. ಚೆನ್ನೆಮಣೆಗೆ ಹದಿನಾಲ್ಕು ಮನೆಯಾದರೆ ಇಲ್ಲಿ ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು ಎಂದರೂ 256 ಮನೆ.

ಅಡ್ಡ ಸಾಲು ಎಂಜಿನ್ನಿನ ವೇಗ, ಅಂದರೆ ಆರ್‌ಪಿಎಂ. ಉದ್ದ ಸಾಲು ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ. ಇದನ್ನು ಕಿಲೋಪಾಸ್ಕಲ್‌ನಲ್ಲಿ ಅಳೆಯುತ್ತಾರೆ. ಆಕ್ಸಿಲರೇಟರ್ ಸ್ವಲ್ಪವೇ ಒತ್ತಿದರೆ 30-40, ಪೂರ್ತಿ ಒತ್ತಿದರೆ ಹೊರಗಿನ ಗಾಳಿಯ ಒತ್ತಡದ ಹತ್ತಿರ ಹೋಗುತ್ತದೆ. ಆ ವೇಗ, ಆ ಒತ್ತಡದಲ್ಲಿ ಎಂಜಿನ್ ಎಷ್ಟು ಗಾಳಿ ತುಂಬಿಕೊಳ್ಳುತ್ತದೆ ಎಂಬ ಸಂಖ್ಯೆ ಪ್ರತಿ ಮನೆಯಲ್ಲೂ ಇರುತ್ತದೆ. ಅದನ್ನು ನೋಡಿ ಇಸಿಯು ಪೆಟ್ರೋಲ್ ಸುರಿಯುತ್ತದೆ. ಸಂಖ್ಯೆ ತಪ್ಪಿದರೆ ಪೆಟ್ರೋಲಿನ ಲೆಕ್ಕವೂ ತಪ್ಪುತ್ತದೆ.

ಶುದ್ಧ ಪೆಟ್ರೋಲಿಗೆ ಲೆಕ್ಕ ಹೀಗೆ: 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಸರಿಯಾದ ಹದಕ್ಕೆ ‘ಲ್ಯಾಂಬ್ಡಾ 1’ ಎನ್ನುತ್ತಾರೆ. ಒಂದಕ್ಕಿಂತ ಮೇಲೆ ಹೋದರೆ ಪೆಟ್ರೋಲ್ ಕಡಿಮೆ, ಅದು ಲೀನ್. ಕೆಳಗೆ ಇಳಿದರೆ ಪೆಟ್ರೋಲ್ ಜಾಸ್ತಿ, ಅದು ರಿಚ್. ಸಮತಟ್ಟು ರಸ್ತೆಯಲ್ಲಿ ಆರಾಮವಾಗಿ ಹೋಗುವಾಗ 1ರ ಹತ್ತಿರ ಇದ್ದರೆ ಚಂದ. ಪೂರ್ತಿ ಒತ್ತಿ ಘಾಟಿ ಹತ್ತುವಾಗ ಹೆಚ್ಚಿನ ಪೆಟ್ರೋಲ್ ಎಂಜಿನ್ನಿನ ಒಳಗನ್ನು ತಂಪು ಮಾಡಬೇಕು, ಆಗ 0.85ರಿಂದ 0.9ರ ನಡುವೆ ಇಡುತ್ತಾರೆ. ಅಲ್ಲಿ ಲೀನ್ ಆಯಿತೋ, ನಾಕಿಂಗ್ ಶುರು. ಹಾಗೇ ಎಳೆದರೆ ವಾಲ್ವ್ ಸುಡುತ್ತದೆ, ಪಿಸ್ಟನ್ ಒಡೆಯುತ್ತದೆ.

ಮೂಗಿನ ಕೆಲಸ ಮಾಡುವ ಸೆನ್ಸರ್

ಒಳಗೆ ಯಾವ ಹದದಲ್ಲಿ ಉರಿಯಿತು ಎಂದು ಹೊಗೆಯಿಂದಲೇ ಹೇಳುವ ಸಾಧನ ಆಕ್ಸಿಜನ್ ಸೆನ್ಸರ್. ಬಿಟಿಎಂ ಕಡೆಯವರಿಗೆ ಮೈಕೋ ಲೇಔಟ್ ಗೊತ್ತು. ಆ ಮೈಕೋ ಕಂಪೆನಿಗೆ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರಾಯಿತು. ಅದರ ಮೂಲ ಸಂಸ್ಥೆಯಾದ ಜರ್ಮನಿಯ ಬಾಷ್ 1976ರಲ್ಲಿ ವೋಲ್ವೋ ಕಾರಿಗೆ ಈ ಸೆನ್ಸರ್ ಕೊಟ್ಟಿತು. ಅಮೆರಿಕದ ಹೊಗೆ ನಿಯಮಕ್ಕಾಗಿ ಬಂದ ವಸ್ತು ಇಂದು ನಮ್ಮ ಎಲ್ಲ ಪೆಟ್ರೋಲ್ ಕಾರುಗಳ ಸೈಲೆನ್ಸರ್ ಪೈಪಿನಲ್ಲಿ ಕೂತಿದೆ.

ಅದರಲ್ಲಿ ಎರಡು ಜಾತಿ. ಹಳೆಯದು ನ್ಯಾರೋಬ್ಯಾಂಡ್. ಲೀನ್ ಆದಾಗ ಸುಮಾರು 0.1 ವೋಲ್ಟ್, ರಿಚ್ ಆದಾಗ ಸುಮಾರು 0.9 ವೋಲ್ಟ್ ತೋರಿಸುತ್ತದೆ. ಸರಿಯಾದ ಹದ ಅವೆರಡರ ಮಧ್ಯೆ. ಅಂದರೆ ಅದು ‘ಕಡಿಮೆ ಆಯಿತು’, ‘ಜಾಸ್ತಿ ಆಯಿತು’ ಎಂದಷ್ಟೇ ಹೇಳುತ್ತದೆ. ಎಷ್ಟು ಕಡಿಮೆ, ಎಷ್ಟು ಜಾಸ್ತಿ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಎದ್ದುಹೋಗುವ ನೆಂಟರ ಹಾಗೆ.

ವೈಡ್‌ಬ್ಯಾಂಡ್ ಸೆನ್ಸರ್ ಎಷ್ಟು ಚಮಚ ಉಪ್ಪು ಬೇಕೆಂದು ಹೇಳುತ್ತದೆ. ಅದರೊಳಗೆ ಜಿರ್ಕೋನಿಯಾದ ಒಂದು ಪುಟ್ಟ ಕೋಣೆ, ಆ ಕೋಣೆಯ ಹದವನ್ನು ಸದಾ 1ರಲ್ಲೇ ಇಡಲು ಆಕ್ಸಿಜನ್ನನ್ನು ಒಳಗೆ-ಹೊರಗೆ ಸಾಗಿಸುವ ಒಂದು ಪಂಪ್ ಇದೆ. ಪಂಪಿಗೆ ಯಾವ ದಿಕ್ಕಿನಲ್ಲಿ ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಲ್ಯಾಂಬ್ಡಾ ಎಷ್ಟೆಂದು ಗೊತ್ತಾಗುತ್ತದೆ. ಬಾಷ್‌ನ ಎಲ್‌ಎಸ್‌ಯು 4.9 ಎಂಬ ಸೆನ್ಸರನ್ನು ಟ್ಯೂನಿಂಗ್ ಮಾಡುವವರು ಹೆಚ್ಚು ಬಳಸುತ್ತಾರೆ. ಅದು ಕೆಲಸ ಮಾಡಲು ಒಳಗಿನ ಹೀಟರ್ ಅದನ್ನು ಸುಮಾರು 780 ಡಿಗ್ರಿ ಸೆಲ್ಸಿಯಸ್ ಕಾಯಿಸಬೇಕು.

ಲೆಕ್ಕ ಏಳನೇ ಕ್ಲಾಸಿನದು

ನಮ್ಮ ಪರಿಚಯದ ಒಬ್ಬ ತರುಣ ಬಂಟ್ವಾಳ ಕಡೆಯವ. ತ್ಯಾಗರಾಜನಗರದಲ್ಲಿ ಬಾಡಿಗೆ ಮನೆ, ಹಳೆಯ ಮಾರುತಿ ಎಸ್ಟೀಮ್ ಒಂದು ಉಂಟು. ಕಂಪೆನಿಯ ಇಸಿಯು ತೆಗೆದು, ತಾನೇ ಸಂಖ್ಯೆ ಬರೆಯಬಹುದಾದ ಇಸಿಯು ಹಾಕಿದ್ದಾನೆ. ವೈಡ್‌ಬ್ಯಾಂಡಿನ ಮೀಟರ್ ಡ್ಯಾಶ್‌ಬೋರ್ಡಿನಲ್ಲಿದೆ. ಅವನ ಕೆಲಸವನ್ನು ನಾವು ಕೂತು ನೋಡಿದೆವು.

ಸೂತ್ರ ಒಂದೇ. ಹಳೆಯ ಸಂಖ್ಯೆಯನ್ನು ಅಳೆದ ಲ್ಯಾಂಬ್ಡಾದಿಂದ ಗುಣಿಸಿ, ಬೇಕಾದ ಲ್ಯಾಂಬ್ಡಾದಿಂದ ಭಾಗಿಸಬೇಕು. 3,000 ಆರ್‌ಪಿಎಂ, 60 ಕಿಲೋಪಾಸ್ಕಲ್ ಮನೆಯಲ್ಲಿ 62 ಇತ್ತು. ಮೀಟರ್ 1.08 ತೋರಿಸಿತು, ಬೇಕಾದದ್ದು 1. ಹೊಸ ಸಂಖ್ಯೆ 67. ಮೇಲಿನ 90ರ ಸಾಲಿನ ಒಂದು ಮನೆಯಲ್ಲಿ 80 ಇತ್ತು. ಅಳೆದಾಗ 0.80, ಬೇಕಾದದ್ದು 0.88. ಅಲ್ಲಿ 73ಕ್ಕೆ ಇಳಿಸಬೇಕು. ಹೀಗೆ ಮನೆ ಮನೆ ಸುತ್ತಬೇಕು. ಗಾಡಿ ಓಡಿಸುವವ ಲ್ಯಾಪ್‌ಟಾಪ್ ನೋಡುವ ಹಾಗಿಲ್ಲ. ಓಡುವಾಗ ಎಲ್ಲವೂ ದಾಖಲಾಗುತ್ತದೆ, ಬದಿಗೆ ನಿಲ್ಲಿಸಿ ನೋಡಿ ತಿದ್ದಬೇಕು. ಎನ್.ಆರ್. ಕಾಲೋನಿಯ ಗಲ್ಲಿಗಳಲ್ಲಿ ಪೂರ್ತಿ ಒತ್ತಲು ಆಗುವುದೂ ಇಲ್ಲ, ಒತ್ತಲೂಬಾರದು. ಆ ಸಾಲುಗಳಿಗೆ ಉರುಳೆಯ ಮೇಲೆ ಗಾಡಿ ನಿಲ್ಲಿಸಿ ಓಡಿಸುವ ಡೈನೋ ಬೇಕು.

ಸೆನ್ಸರನ್ನೂ ಕಣ್ಣು ಮುಚ್ಚಿ ನಂಬಬಾರದು. ಅದರ ಮುಂದೆ ಸೈಲೆನ್ಸರ್ ಪೈಪ್ ಲೀಕ್ ಇದ್ದರೆ ಹೊರಗಿನ ಗಾಳಿ ನುಗ್ಗಿ ಸುಳ್ಳು ಲೀನ್ ತೋರಿಸುತ್ತದೆ. ಪ್ಲಗ್ ಬೆಂಕಿ ಹೊತ್ತಿಸದಿದ್ದರೂ ಹಾಗೆಯೇ, ಏಕೆಂದರೆ ಉರಿಯದ ಆಕ್ಸಿಜನ್ ಹೊರಗೆ ಬರುತ್ತದೆ. ಅದನ್ನು ನಂಬಿ ಪೆಟ್ರೋಲ್ ಸುರಿದರೆ ಕತೆ ಮುಗಿಯಿತು. ಪೈಪಿನಲ್ಲಿ ಸೆನ್ಸರ್ ನೀರು ನಿಲ್ಲದ ಹಾಗೆ ಓರೆಯಾಗಿ ಮೇಲ್ಮುಖವಾಗಿ ಕೂರಬೇಕು. ಸಿಲಿಕೋನ್ ಗಮ್ಮಿನ ಹೊಗೆ ತಾಗಿದರೆ ಅದು ಹಾಳು. ಹೀಟರ್ ಆನ್ ಮಾಡದೆ ಎಂಜಿನ್ ಓಡಿಸಿದರೆ ಮಸಿ ಕಟ್ಟುತ್ತದೆ.

ಬೆಂಗಳೂರಿನಲ್ಲಿ ಕಾಣದ ಸಾಲು

ಈಗ ಮುಖ್ಯ ವಿಷಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್. ಮಂಗಳೂರಿನಲ್ಲಿ ಸುಮಾರು 101. ಟರ್ಬೋ ಇಲ್ಲದ ಎಂಜಿನ್ ಹೊರಗಿನ ಗಾಳಿಗಿಂತ ಹೆಚ್ಚು ಒತ್ತಡ ಕಾಣಲಾರದು. ಹಾಗಾದರೆ ತ್ಯಾಗರಾಜನಗರದಲ್ಲಿ ನೀವು ಆಕ್ಸಿಲರೇಟರನ್ನು ನೆಲಕ್ಕೆ ತಾಗಿಸಿದರೂ 90ರ ಸಾಲಿನಲ್ಲೇ ನಿಲ್ಲುತ್ತೀರಿ. 100ರ ಸಾಲಿಗೆ ಈ ಊರಿನಲ್ಲಿ ಕಾರು ಕಾಲಿಡುವುದೇ ಇಲ್ಲ. ಒಳ್ಳೆಯ ಡೈನೋದಲ್ಲಿ ದಿನವಿಡೀ ಕೂತರೂ ಇಲ್ಲ.

ಕಾರು ಆ ಸಾಲಿಗೆ ಮೊದಲ ಸಲ ಕಾಲಿಡುವುದು ಘಾಟಿಯ ಕೆಳಗೆ. ಬಿ.ಸಿ. ರೋಡಿನಲ್ಲಿ ಓವರ್‌ಟೇಕ್ ಮಾಡುವಾಗ, ಇಲ್ಲವೇ ಊರಿನಿಂದ ವಾಪಸ್ ಬರುವಾಗ ಶಿರಾಡಿಯ ಬುಡದಲ್ಲಿ. ಎಂಜಿನ್ನಿಗೆ ಅತ್ಯಂತ ಕಷ್ಟದ ಹೊತ್ತು, ಯಾರೂ ಅಳೆಯದ ಸಂಖ್ಯೆಯ ಮೇಲೆ ನಡೆಯುತ್ತದೆ.

ನಮ್ಮ ಎಸ್ಟೀಮ್ ತರುಣನಿಗೆ ಆದದ್ದು ಇದೇ. ಬೆಂಗಳೂರಿನಲ್ಲಿ ಎರಡು ತಿಂಗಳು ಓಡಿಸಿ ತಿದ್ದಿದ ಪಟ್ಟಿ. ಪೆರ್ನಾಳ್ ಮುಗಿಸಿ ವಾಪಸ್ ಹೊರಟಾಗ ಹಿಂದಿನ ಸೀಟಿನಲ್ಲಿ ಉಮ್ಮ, ತಂಗಿ, ಡಿಕ್ಕಿಯಲ್ಲಿ ತೆಂಗಿನಕಾಯಿ ಗೋಣಿ. ಗುಂಡ್ಯ ಕಳೆದು ಏರು ಶುರುವಾದಾಗ ಲಾರಿಯೊಂದನ್ನು ದಾಟಲು ಪೂರ್ತಿ ಒತ್ತಿದ. ಬಾನೆಟ್ಟಿನ ಕೆಳಗೆ ಟಕಟಕ ಸದ್ದು. ಮೀಟರ್ ನೋಡಿದರೆ 0.97, ಅಲ್ಲಿ ಇರಬೇಕಾದದ್ದು 0.88. ಕೂಡಲೇ ಕಾಲು ತೆಗೆದ. ಮುಂದೆ ಜಾಗ ಸಿಕ್ಕಲ್ಲಿ ನಿಲ್ಲಿಸಿ ದಾಖಲೆ ತೆರೆದ. 100ರ ಸಾಲಿನಲ್ಲಿ ಹಳೆಯ 72 ಹಾಗೆಯೇ ಕೂತಿತ್ತು. ಸೂತ್ರದಂತೆ 79 ಆಗಬೇಕಿತ್ತು. ಆ ಸಾಲಿನ ಉಳಿದ ಮನೆಗಳನ್ನೂ ಅದೇ ಪ್ರಮಾಣದಲ್ಲಿ ಏರಿಸಿದ. ಕಿಡಿ ಹೊತ್ತುವ ಹೊತ್ತನ್ನೂ ಅಲ್ಲಿ ಸ್ವಲ್ಪ ಹಿಂದಕ್ಕೆ ಇಟ್ಟ. ಎಂಜಿನ್ ಉಳಿಯಿತು. ‘ಎಂತ ಆಯ್ತು ಮೋನೇ’ ಎಂದು ಉಮ್ಮ ಕೇಳಿದರಂತೆ. ‘ಗಾಳಿ ಜಾಸ್ತಿ ಆಯ್ತು ಉಮ್ಮ’ ಎಂದನಂತೆ. ತಮಾಷೆಗೆ ಹೇಳಿದರೂ ಲೆಕ್ಕ ಸರಿಯೇ.

ಮೀಟರ್ ಇಲ್ಲದಿದ್ದರೆ? ಆ ಸದ್ದು ಲಾರಿಯ ಗದ್ದಲದಲ್ಲಿ ಕೇಳದೇ ಹೋಗಬಹುದಿತ್ತು.

ಪೆಟ್ರೋಲ್ ಕೂಡ ಬದಲಾಗಿದೆ

ಇನ್ನೊಂದು ಸಂಗತಿಯೂ ಇದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಮೊದಲಿಗೆ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಬಂತು, ಈಗ ಎಲ್ಲೆಡೆ ಅದೇ. ಅದರಲ್ಲಿ ಶೇ. 20 ಎಥನಾಲ್. ಎಥನಾಲಿನಲ್ಲೇ ಆಕ್ಸಿಜನ್ ಇರುವುದರಿಂದ ಅದಕ್ಕೆ ಸಾಕಾಗುವುದು ಒಂದು ಗ್ರಾಂಗೆ ಸುಮಾರು 9 ಗ್ರಾಂ ಗಾಳಿ. ಹಾಗಾಗಿ ಇ10ಕ್ಕೆ ಸುಮಾರು 14.1 ಇದ್ದ ಲೆಕ್ಕ ಇ20ಗೆ ಸುಮಾರು 13.5ಕ್ಕೆ ಇಳಿಯಿತು. ಅಷ್ಟೇ ಗಾಳಿಗೆ ಶೇ. 4ರಷ್ಟು ಹೆಚ್ಚು ಪೆಟ್ರೋಲ್ ಬೇಕು. ಇ10 ಕಾಲದಲ್ಲಿ ಪೂರ್ತಿ ಒತ್ತಿದಾಗ 0.88ಕ್ಕೆ ಕೂರಿಸಿದ ಪಟ್ಟಿಗೆ ಯಾವ ತಿದ್ದುಪಡಿಯೂ ಇಲ್ಲದಿದ್ದರೆ ಇಂದು ಅದು 0.92ರ ಹತ್ತಿರ ಓಡುತ್ತದೆ. ಶಿರಾಡಿಯ ಲೆಕ್ಕದ ಮೇಲೆ ಇದೂ ಸೇರುತ್ತದೆ.

ಮೀಟರಿನಲ್ಲಿ 14.7 ಎಂಬ ಅಂಕಿ ನೋಡುವವರಿಗೆ ಒಂದು ಮಾತು. ಸೆನ್ಸರ್ ಅಳೆಯುವುದು ಲ್ಯಾಂಬ್ಡಾವನ್ನು. ಮೀಟರ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಅಷ್ಟೆ. ಇ20 ಹಾಕಿದರೂ ಸರಿಯಾದ ಹದದಲ್ಲಿ ಅದು 14.7 ಎಂದೇ ಹೇಳುತ್ತದೆ. ಗೊಂದಲ ಬೇಡವೆಂದರೆ ಲ್ಯಾಂಬ್ಡಾದಲ್ಲೇ ನೋಡಿ.

ಮನೆಯವರು ಕೇಳಬೇಕಾದದ್ದು

ಕಂಪೆನಿಯ ಕಾರು ಇರುವವರು ಗಾಬರಿಯಾಗಬೇಕಿಲ್ಲ. ಅದರ ಇಸಿಯು ತನ್ನ ಸೆನ್ಸರ್ ನೋಡಿ ತಾನೇ ತಿದ್ದಿಕೊಳ್ಳುತ್ತದೆ, ಎತ್ತರದ ಲೆಕ್ಕವನ್ನೂ ಕಾರ್ಖಾನೆಯಲ್ಲೇ ಹಾಕಿರುತ್ತಾರೆ. ಒಬಿಡಿ ರೀಡರ್ ಚುಚ್ಚಿ ‘ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್’ ನೋಡಿ. ಶೇ. 10ಕ್ಕಿಂತ ಮೇಲೆ ಅಥವಾ ಕೆಳಗೆ ನಿಂತಿದ್ದರೆ ಗಾಳಿಯ ಲೀಕೋ ಪೆಟ್ರೋಲ್ ಪಂಪೋ ಇಂಜೆಕ್ಟರೋ ತೊಂದರೆಯಲ್ಲಿದೆ. ಊರಿಗೆ ಹೊರಡುವ ಮೊದಲು ತೋರಿಸಿ.

ಮಗ ರೀಮ್ಯಾಪ್ ಮಾಡಿಸುತ್ತೇನೆ ಎಂದರೆ ಹಣ ಕೊಡುವ ಮುಂಚೆ ಮೂರು ಮಾತು ಕೇಳಿ. ವೈಡ್‌ಬ್ಯಾಂಡ್ ಹಾಕಿ ಅಳೆದ ದಾಖಲೆ ಕೈಗೆ ಕೊಡುತ್ತಾರಾ? ಯಾವ ಪೆಟ್ರೋಲಿನಲ್ಲಿ ಅಳೆದರು? 100ರ ಸಾಲನ್ನು ಹೇಗೆ ತುಂಬಿದರು, ಕರಾವಳಿಗೆ ಇಳಿದ ಮೇಲೆ ಅದನ್ನು ಮತ್ತೆ ನೋಡುತ್ತಾರಾ? ಉತ್ತರ ಇಲ್ಲದವರು ಬೇರೆ ಯಾರದ್ದೋ ಕಾರಿನ ಫೈಲನ್ನು ನಿಮ್ಮ ಕಾರಿಗೆ ಹಾಕುವವರು. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕಿ ಎಂದರೆ ಆ ಗ್ಯಾರೇಜಿನಿಂದ ಎದ್ದು ಬನ್ನಿ. ಅದನ್ನು ಕಿತ್ತ ಗಾಡಿಯ ಹೊಗೆ ಸುತ್ತಲಿನವರಿಗೆ ವಿಷ. ಮೋಟಾರು ವಾಹನ ಕಾಯ್ದೆಯಲ್ಲಿ ಒಪ್ಪಿಗೆಯಿಲ್ಲದ ಬದಲಾವಣೆಗೆ ದಂಡವೂ ಉಂಟು.

ಸ್ಪ್ಯಾನರ್ ಹಿಡಿದು ಬದುಕು ಕಟ್ಟಿಕೊಂಡ ನಮ್ಮ ಹುಡುಗರು ಬೆಂಗಳೂರಿನಲ್ಲೂ ಇದ್ದಾರೆ, ಗಲ್ಫಿನಲ್ಲೂ ಇದ್ದಾರೆ. ಅವರಿಗೆ ನಾವು ಹೇಳುವುದಿಷ್ಟು: ಫೈಲ್ ಹಾಕಿ ಕೊಡುವುದನ್ನು ಯಾರೂ ಒಂದು ವಾರದಲ್ಲಿ ಕಲಿಯಬಹುದು. ಅಳೆದು, ದಾಖಲೆ ಓದಿ, ತಿದ್ದಿ, ಮತ್ತೆ ಅಳೆಯುವವರು ಕಡಿಮೆ. ಬೇಕಾದದ್ದು ಗುಣಾಕಾರ, ಭಾಗಾಕಾರ, ತಾಳ್ಮೆ. ಶಿರಾಡಿಯ ಎರಡೂ ಬದಿಯ ಗಾಳಿ ಬಲ್ಲವರು ನಮ್ಮವರೇ ಇರುವಾಗ, ಈ ಕೆಲಸ ನಮ್ಮ ಹುಡುಗರ ಕೈಯಲ್ಲೇ ಚೆನ್ನಾಗಿ ಆದೀತು.