ನಾಳೆಗೋ, ಮೊಮ್ಮಕ್ಕಳಿಗೋ?

ಮಿರಜಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿ ವಿಶ್ರಮಿಸುತ್ತಿರುವ ಉಸ್ತಾದ ಅಬ್ದುಲ್ ಕರೀಂ ಖಾನರು 1937ರಲ್ಲಿ ಕಾಲವಾದರು. ಆದರೂ ಅವರ ಕಂಠವು ಇಂದಿಗೂ ನಮ್ಮ ಕಿವಿಗೆ ಬೀಳುತ್ತಿರುವುದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳ ದೆಸೆಯಿಂದ. ಒಂದು ಮಗ್ಗುಲಿಗೆ ಸುಮಾರು ಮೂರೇ ನಿಮಿಷ. ಗಂಟೆಗಟ್ಟಲೆ ಹರಿಯತಕ್ಕ ರಾಗವನ್ನು ಅಷ್ಟರಲ್ಲಿಯೇ ಮಡಿಸಿಡಬೇಕಾಗಿತ್ತು. ಅವರ ಗಾಯನವು ಶಿಷ್ಯರಾದ ಸವಾಯಿ ಗಂಧರ್ವರ ಮೂಲಕ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರಿಗೆ ಸಂದು, ಕನ್ನಡನಾಡಿನಲ್ಲಿ ಬೇರೂರಿತು. ಆ ಪರಂಪರೆಯ ಕಚೇರಿಯೊಂದು ಚಂದನ ವಾಹಿನಿಯಲ್ಲಿ ಬಂದಾಗ, ಅದನ್ನು ಹಿಡಿದಿಡಬೇಕೆಂಬ ಆಸೆ ಮಿರಜ್, ಸಾಂಗಲಿಗಳ ಕನ್ನಡ ಮನೆಯಲ್ಲಿ ಹುಟ್ಟಿದರೆ ಅದು ಸಹಜವೇ. ಹಿಡಿಯುವುದು ಯಾವ ಯಂತ್ರದಲ್ಲಿ?

ಹಿಂದೆ ಇದ್ದುದು ವಿಡಿಯೋ ಕ್ಯಾಸೆಟ್ಟು. ಜಪಾನಿನಲ್ಲಿ 1976ರಲ್ಲಿ ಹೊರಬಂದ ವಿ.ಎಚ್.ಎಸ್. ಪದ್ಧತಿಯ ಹಿಂದಿನ ಜಾಣ್ಮೆಯನ್ನು ನೆನೆದರೆ ಈಗಲೂ ನನಗೆ ವಿಸ್ಮಯವಾಗುತ್ತದೆ. ಹಾಡಿನ ಕ್ಯಾಸೆಟ್ಟಿನಲ್ಲಿ ಪಟ್ಟಿಯು ಸೆಕೆಂಡಿಗೆ 4.76 ಸೆಂಟಿಮೀಟರು ಸರಿದರೆ ಸಾಕು. ಚಿತ್ರದ ಸಂಕೇತದಲ್ಲಾದರೋ ಸೆಕೆಂಡಿಗೆ ಹತ್ತಾರು ಲಕ್ಷ ಕಂಪನಗಳು ಅಡಕವಾಗಿರುವುದರಿಂದ, ಅವನ್ನು ನೇರವಾಗಿ ಬರೆಯಹೊರಟಲ್ಲಿ ಪಟ್ಟಿಯು ಸೆಕೆಂಡಿಗೆ ಸುಮಾರು 4.8 ಮೀಟರು ಓಡಬೇಕಾಗುತ್ತಿತ್ತು. ಅಂದರೆ ಗಂಟೆಯೊಂದಕ್ಕೆ 17 ಕಿಲೋಮೀಟರು ಪಟ್ಟಿ, ಹೆಚ್ಚುಕಡಿಮೆ ಮಿರಜಿನಿಂದ ಸಾಂಗಲಿಗೆ ಹೋಗಿ ಬರುವಷ್ಟು ಉದ್ದ! ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ಪಟ್ಟಿಯನ್ನು ಮೆಲ್ಲನೆ ಸರಿಯಗೊಟ್ಟು, ಬರೆಯುವ ತಲೆಗಳನ್ನೇ ಓಡಿಸುವುದು. 6.2 ಸೆಂಟಿಮೀಟರು ವ್ಯಾಸದ ಓರೆಯಾದ ಉರುಳೆಯೊಂದು ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತ, ಪಟ್ಟಿಯ ಮೇಲೆ ಓರೆಗೆರೆಗಳಾಗಿ ಚಿತ್ರವನ್ನು ಬರೆಯುತ್ತಿದ್ದಿತು. 17 ಕಿಲೋಮೀಟರಿನ ಕೆಲಸ 84 ಮೀಟರಿನಲ್ಲಿ ಮುಗಿಯುತ್ತಿದ್ದಿತು. ಆದರೆ ಮಳೆಗಾಲದ ತೇವಕ್ಕೆ ಪಟ್ಟಿಗೆ ಬೂಷ್ಟು ಹಿಡಿಯುವುದು, ಪ್ರತಿಯ ಪ್ರತಿ ಮಾಡಿದಷ್ಟೂ ಚಿತ್ರ ಮಸುಕಾಗುವುದು ತಪ್ಪಲಿಲ್ಲ. 2016ರ ಜುಲೈಯಲ್ಲಿ ಜಪಾನಿನ ಫುನಾಯ್ ಸಂಸ್ಥೆಯೂ ಈ ಯಂತ್ರಗಳ ತಯಾರಿಕೆಯನ್ನು ಕೈಬಿಟ್ಟಿತು.

ಈಗಿನ ಡಿಜಿಟಲ್ ಪ್ರಸಾರದಲ್ಲಿ ಸಂಗತಿಯೇ ಬೇರೆ. ಚಿತ್ರವು ಅಂಕಿಗಳಾಗಿ, ಮೊದಲೇ ಹಿಂಡಿ ಕುಗ್ಗಿಸಲ್ಪಟ್ಟು ಮನೆಗೆ ಬರುತ್ತದೆ. ರಿಕಾರ್ಡರು ಆ ಅಂಕಿಗಳನ್ನು ಇದ್ದಂತೆಯೇ ನಕಲು ಮಾಡಿಕೊಳ್ಳುತ್ತದೆಯೇ ಹೊರತು ಚಿತ್ರವನ್ನು ಹೊಸದಾಗಿ ಮಾಡುವುದಿಲ್ಲ. ಆದುದರಿಂದ ದುಬಾರಿ ಪೆಟ್ಟಿಗೆಯ ಮುದ್ರಣ ಹೆಚ್ಚು ಸ್ಪಷ್ಟವೆಂಬ ಅಂಗಡಿಯ ಮಾತಿಗೆ ಕಿವಿಗೊಡಬೇಕಾದುದಿಲ್ಲ. ಸೆಕೆಂಡಿಗೆ 4 ಮೆಗಾಬಿಟ್ಟಿನಂತೆ ಹರಿಯುವ ವಾಹಿನಿಯ ಒಂದು ಗಂಟೆಗೆ 1.8 ಗಿಗಾಬೈಟು ಸ್ಥಳ ಬೇಕು. ಒಂದು ಟೆರಾಬೈಟಿನ ಹಾರ್ಡ್‌ಡಿಸ್ಕಿನಲ್ಲಿ ಅಂಥ 550 ಗಂಟೆಗಳು ಹಿಡಿಸುತ್ತವೆ.

ಭೇದವಿರುವುದು ಬೀಗದಲ್ಲಿ. 2008ರಲ್ಲಿ ಟಾಟಾ ಸ್ಕೈ ಪ್ಲಸ್ ಬಂದಾಗಿನಿಂದ ನಮ್ಮವರು ಕಂಡಿರುವ ಚಂದಾ ಪೆಟ್ಟಿಗೆಗಳು ಬಲು ವಿಧೇಯವಾದವು: ಒಂದು ವಾಹಿನಿಯನ್ನು ನೋಡುತ್ತ ಇನ್ನೊಂದನ್ನು ಮುದ್ರಿಸಬಹುದು, ಫೋನು ಬಂದರೆ ಧಾರಾವಾಹಿಯನ್ನು ನಿಲ್ಲಿಸಿ ಮತ್ತೆ ಮುಂದುವರಿಸಬಹುದು. ಆದರೆ ಮುದ್ರಣವು ಗೂಢಲಿಪಿಯಲ್ಲಿದ್ದು, ಅದರ ಕೀಲಿಕೈ ಆ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಪೆಟ್ಟಿಗೆ ಕೆಟ್ಟರೆ ಕಚೇರಿಯೂ ಹೋಯಿತೆಂದೇ ತಿಳಿಯಬೇಕು. 2004ರ ಡಿಸೆಂಬರಿನಲ್ಲಿ ಆರಂಭವಾದ ಪ್ರಸಾರ ಭಾರತಿಯ ಫ್ರೀ ಡಿಶ್ ಸೇವೆಗೆ ತಿಂಗಳ ಚಂದಾ ಇಲ್ಲ. ಮಿರಜಿನ ಮಾಳಿಗೆಯಿಂದ ಆಗ್ನೇಯಕ್ಕೆ ಮುಖಮಾಡಿದ ಡಿಶ್ಶಿಗೆ ಅದರಲ್ಲಿ ಚಂದನವೂ ಸಿಕ್ಕುತ್ತದೆ. ಬೀಗವಿಲ್ಲದೆ ಬರುವ ಇಂಥ ವಾಹಿನಿಗಳನ್ನು ಯುಎಸ್‌ಬಿ ಕಿಂಡಿಯುಳ್ಳ ಸಾಮಾನ್ಯ ಸೆಟ್‌ಟಾಪ್ ಬಾಕ್ಸು ಪೆನ್‌ಡ್ರೈವಿಗೆ ಬರೆದುಕೊಡಬಲ್ಲುದು. ಅಲ್ಲಿಯೂ ಒಂದು ತೊಡಕುಂಟು. ಪೆನ್‌ಡ್ರೈವಿನಲ್ಲಿ ಕಡತಗಳನ್ನಿಡುವ ಫ್ಯಾಟ್ 32 ಎಂಬ ವ್ಯವಸ್ಥೆಯಲ್ಲಿ ಒಂದು ಕಡತವು 4 ಗಿಗಾಬೈಟನ್ನು ಮೀರಲಾರದಾದ್ದರಿಂದ, ಅಹೋರಾತ್ರಿ ಕಚೇರಿಯು ಸುಮಾರು ಎರಡೂಕಾಲು ಗಂಟೆಗೆ ತುಂಡಾಗುತ್ತದೆ. ಕೆಲವು ಬಾಕ್ಸುಗಳು ಮುಂದಿನ ತುಂಡನ್ನು ತಾವೇ ಆರಂಭಿಸುತ್ತವೆ, ಕೆಲವು ಕಚೇರಿಯ ಕೊನೆಯ ಭೈರವಿಗೆ ಮೊದಲೇ ಮಲಗಿಬಿಡುತ್ತವೆ.

ನನ್ನ ತೀರ್ಮಾನವಿಷ್ಟು: ಇಂದಿನ ಧಾರಾವಾಹಿಯನ್ನು ನಾಳೆ ನೋಡಿ ಅಳಿಸುವವರಿಗೆ ಚಂದಾ ಪೆಟ್ಟಿಗೆಯೇ ಸುಖ, ಮೊಮ್ಮಕ್ಕಳಿಗಾಗಿ ಇಡುವವರಿಗೆ ಯುಎಸ್‌ಬಿ ಬಾಕ್ಸೇ ಸರಿ, ಮತ್ತು ಪ್ರತಿಗಳು ಎರಡಿರಲಿ. 2005ರಲ್ಲಿಯೂ 2019ರಲ್ಲಿಯೂ ಕೃಷ್ಣೆಯು ಸಾಂಗಲಿಯೊಳಕ್ಕೆ ನುಗ್ಗಿದುದನ್ನು ಕಂಡವರಿಗೆ ಅವುಗಳಲ್ಲೊಂದನ್ನು ಮಾಳಿಗೆಯ ಮೇಲಿಡಿರೆಂದು ಹೇಳಬೇಕಾಗಿಲ್ಲ. ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ಐದು ನಿಮಿಷ ಮುದ್ರಿಸಿ, ಆ ಪೆನ್‌ಡ್ರೈವನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ ನೋಡಿ. ಅಲ್ಲಿ ಚಿತ್ರ ಮೂಡದಿದ್ದರೆ ಆ ಬಾಕ್ಸನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.