ಬಂಗ್ಲೆ ಮಾರಾಟಕ್ಕಿದೆ, ಅಡವಿ ಅಲ್ಲ!

ಸೇಡಂ ಬಸ್ ನಿಲ್ದಾಣದಲ್ಲಿ ಚಿಂಚೋಳಿ ಬಸ್ಸಿಗೆ ಕಾಯುತ್ತ ನಿಂತವರ ಕಿವಿಗೆ ಇಂಥ ಮಾತು ಬೀಳುವುದುಂಟು:

“ಅಡವಿಗಿ ಹತ್ತಿ ಒಂದು ದೊಡ್ಡ ಮನಿ ಮಾರಾಟಕ್ಕದರಿ ಸಾಹುಕಾರ್ರ. ಎಂಟು ಖೋಲಿ, ಪಡಸಾಲಿ, ಹಿತ್ತಲದಾಗ ಬಾವಿ. ಹಿಂದಿನ ಬಾಗಲಾ ತೆಗದ್ರ ಹಸರೋ ಹಸರು!”

ಹೇಳುವವನು ದಲ್ಲಾಳಿ. ಕೇಳುವವರು ವಾಡಿಯ ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದವರಿರಬಹುದು, ಶಹಾಬಾದಿನ ಫರ್ಸಿ ವ್ಯಾಪಾರಿಗಳಿರಬಹುದು, ಚಿತ್ತಾಪುರದ ಕಿರಾಣಿ ಅಂಗಡಿಯವರಿರಬಹುದು. ಪಿ.ಎಫ್. ರೊಕ್ಕ ಕೈಗೆ ಬಂದಿದೆ. ಮನಸ್ಸು ಕುಣಿಯುತ್ತದೆ.

ಕುಣಿಯದೆ ಏನು ಮಾಡೀತು? ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಈ ನಾಲ್ಕೂ ಊರು ಸುಣ್ಣಕಲ್ಲಿನ ಸೀಮೆಯವು. ಆ ಕಲ್ಲಿನಿಂದಲೇ ಫರ್ಸಿ, ಆ ಕಲ್ಲಿನಿಂದಲೇ ಸಿಮೆಂಟ್, ಅದರಿಂದಲೇ ಸಾವಿರಾರು ಮನೆಗಳ ಅನ್ನ. ಜೊತೆಗೆ ಧೂಳು ಉಚಿತ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಇಂಥಲ್ಲಿ ಬಾಳಿದವರಿಗೆ ಕೊಂಚಾವರಂ ಕಾಡು, ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಮಳೆಗಾಲದ ಎತ್ತಿಪೋತ ಜಲಪಾತ ಎಂದರೆ ಜೀವ ತಂಪು. ರವಿವಾರ ಬುತ್ತಿ ಕಟ್ಟಿಕೊಂಡು ಹೋದವರು “ಇಲ್ಲೇ ಒಂದು ಮನಿ ಇದ್ದಿದ್ರ!” ಎನ್ನದೆ ತಿರುಗಿ ಬರುವುದಿಲ್ಲ.

ಆದರೆ ಬುತ್ತಿ ಉಂಡು ಬರುವುದು ಬೇರೆ, ಬಂಗ್ಲೆ ಕೊಳ್ಳುವುದು ಬೇರೆ.

ಮನೆ ಯಾಕೆ ಖಾಲಿ?

ಇಂಥ ಮನೆಗಳನ್ನು ಹಿರಿಯರು ಕಟ್ಟಿಸಿದ್ದು ಕೂಡು ಕುಟುಂಬಕ್ಕೆಂದು. ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಫರ್ಸಿ, ಮೇಲೆ ಮಾಳಿಗೆ, ಮುಂದೆ ಕಟ್ಟೆ, ಹಿಂದೆ ದನದ ಕೊಟ್ಟಿಗೆ. ತೊಗರಿ ರಾಶಿಯಾದಾಗ ಚೀಲ ಇಡಲು ಜಾಗ, ಪಂಚಮಿಗೆ ಜೋಕಾಲಿ ಕಟ್ಟಲು ಗಟ್ಟಿ ಜಂತಿ. ಈಗ ಒಬ್ಬ ಮಗ ಹೈದರಾಬಾದಿನಲ್ಲಿ, ಒಬ್ಬ ಪುಣೆಯಲ್ಲಿ, ಒಬ್ಬ ಬೆಂಗಳೂರಿನಲ್ಲಿ. ಎಂಟು ಖೋಲಿಗೆ ಒಬ್ಬ ಮುದುಕಿ, ಇಲ್ಲವೇ ಒಂದು ಬೀಗ. “ಮಾರಿಬಿಡೋಣ” ಎಂಬ ಮಾತು ಹುಟ್ಟುವುದು ಇಲ್ಲಿಂದ. ಅದರಲ್ಲಿ ತಪ್ಪೇನಿಲ್ಲ. ತಪ್ಪು ಆಗುವುದು ಮಾರುವ ರೀತಿಯಲ್ಲಿ.

ಸಹಿ ಎಷ್ಟು?

ಅಣ್ಣತಮ್ಮಂದಿರು ಮೂವರು ಸಹಿ ಹಾಕಿದರೆ ಮುಗಿಯಿತು ಎನ್ನುತ್ತಾನೆ ದಲ್ಲಾಳಿ. ಆ ಜಂತಿಗೆ ಕಟ್ಟಿದ ಜೋಕಾಲಿ ಆಡಿದ ಅಕ್ಕತಂಗಿಯರು?

“ಅವರು ಕೊಟ್ಟ ಮನಿಗಿ ಹೋದವರ್ರಿ. ಅವರ್ದೇನದ ಇಲ್ಲಿ?”

ಅವರದೂ ಇದೆ, ಸ್ವಾಮಿ! 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟು ಹಳೇ ತಕರಾರನ್ನೂ ಮುಗಿಸಿದೆ. 2004ರ ಡಿಸೆಂಬರ್ 20ಕ್ಕೂ ಮುಂಚೆ ಕಾಯ್ದೆ ಪ್ರಕಾರ ವಾಟ್ನಿ ಆಗಿಹೋಗಿದ್ದರೆ ಮಾತು ಬೇರೆ. ಮುಸ್ಲಿಂ ಮನೆತನಗಳಲ್ಲಂತೂ ಹೆಣ್ಣುಮಕ್ಕಳ ಪಾಲು ಷರಿಯತ್ ಪ್ರಕಾರ ಮೊದಲಿನಿಂದಲೂ ಉಂಟು.

ಇದನ್ನು ಮರೆತರೆ ಏನಾಗುತ್ತದೆ? ಇಸಾರ ಕೊಟ್ಟು, ಖರೀದಿ ಪತ್ರ ಮಾಡಿಸಿ, ಸುಣ್ಣಬಣ್ಣ ಹೊಡೆಸಿ, ಗೃಹಪ್ರವೇಶದ ಊಟ ಹಾಕಿದ ಮೇಲೆ ಕೋರ್ಟಿನ ನೋಟೀಸು ಬರುತ್ತದೆ. ಮಾರಿದವರು ರೊಕ್ಕ ಎಣಿಸಿಕೊಂಡು ತಮ್ಮ ತಮ್ಮ ಊರು ಸೇರಿರುತ್ತಾರೆ. ವಕೀಲರ ಮನೆಗೆ ಅಲೆಯುವ ಪಾಳಿ ಕೊಂಡವರದು. ಅತ್ತ ಆ ತಂಗಿಗೆ ತವರು ಮನೆ ಮಾರಿದ ಸುದ್ದಿ ಪರರ ಬಾಯಿಂದ ತಿಳಿದಿರುತ್ತದೆ. ಪಂಚಮಿಗೆ ಬರುವ ದಾರಿ ಮುಚ್ಚಿದ ಮೇಲೆ ಆಕೆ ಕೋರ್ಟಿನ ದಾರಿ ಹಿಡಿದರೆ ಯಾರನ್ನು ದೂರುವುದು? ಮೊದಲೇ ಕರೆದು, ಕೂಡ್ರಿಸಿ, ಪಾಲಿನ ಮಾತು ಆಡಿ ಸಹಿ ಕೇಳಿದ್ದರೆ ಮನೆಯೂ ಮಾರುತ್ತಿತ್ತು, ತವರಿನ ನಂಟೂ ಉಳಿಯುತ್ತಿತ್ತು.

ಟ್ರಂಕಿನ ಕಾಗದ

ನಮ್ಮ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಗ ಸರ್ಕಾರಿ ಭಾಷೆ ಉರ್ದು. ಹಳೇ ಮನೆತನದ ಟ್ರಂಕಿನಲ್ಲಿ ಉರ್ದು ಕಾಗದ ಸಿಕ್ಕರೆ ಓದಲು ಬಾರದೆಂದು ಮಡಚಿ ಇಡಬೇಡಿ. ಉರ್ದು ಬಲ್ಲ ಹಿರಿಯರೊಬ್ಬರಿಂದ ಓದಿಸಿ. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಮನೆ ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ಇ-ಸ್ವತ್ತು, ಊರಲ್ಲಿದ್ದರೆ ಪುರಸಭೆಯ ಖಾತೆ ನೋಡಿ. ಹೊಲದಲ್ಲಿ ಕಟ್ಟಿದ್ದರೆ ಎನ್.ಎ. ಆಗಿದೆಯೇ ಕೇಳಿ.

“ಬಾಂಡ್ ಮ್ಯಾಲ ಬರದು ಕೊಡ್ತೀವಿ, ಸಾಕಲ್ರಿ” ಎಂದರೆ ಅಲ್ಲಿಂದಲೇ ಎದ್ದು ಬನ್ನಿ. 100 ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಬೆಲೆಯ ಮನೆ ನೋಂದಣಿ ಇಲ್ಲದೆ ಮಾರಾಟವಾಗದು ಎಂದು 1882ರ ಕಾಯ್ದೆಯಲ್ಲೇ ಇದೆ.

ಹಿತ್ತಲು ಎಲ್ಲಿಗೆ ಮುಗಿಯಿತು?

“ಅಡವಿ ನಿಮ್ಮ ಹಿತ್ತಲೇ ಅಂತ ತಿಳೀರಿ” ಎನ್ನುವುದು ದಲ್ಲಾಳಿಯ ಕೊನೆಯ ಬಾಣ. ಹಾಗೆ ತಿಳಿಯಬೇಡಿ! ಚಿಂಚೋಳಿ ಅಡವಿಯ ಸುಮಾರು 135 ಚದರ ಕಿಲೋಮೀಟರ್ 2011ರಲ್ಲಿ ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗಗಳಿರುವ ಜಾಗ ಅದು. ಅಲ್ಲಿ ಒಂದು ಗೇಣು ಒತ್ತಿದರೂ ಅರಣ್ಯ ಇಲಾಖೆಯ ಕೇಸು ನಿಮ್ಮ ಮೇಲೆಯೇ.

ಆದ್ದರಿಂದ ಇಸಾರಕ್ಕೂ ಮುಂಚೆ ಭೂಮಾಪಕರಿಂದ ಹದ್ದುಬಸ್ತು ಮಾಡಿಸಿ. ಸರ್ವೆ ನಂಬರು ಹಿಡಿದು ಅರಣ್ಯ ಕಚೇರಿಗೆ ಹೋಗಿ, ಪರಿಸರ ಸೂಕ್ಷ್ಮ ವಲಯದೊಳಗೆ ಬರುತ್ತದೆಯೇ ಎಂದು ಕೇಳಿ. “ಮುಂದ ರೆಸಾರ್ಟ್ ಮಾಡಬಹುದ್ರಿ” ಎಂಬ ಆಸೆಯ ಮಾತಿಗೆ ಉತ್ತರ ಅಲ್ಲಿಯೇ ಸಿಗುತ್ತದೆ. ಹಿತ್ತಲಲ್ಲಿ ಗಂಧದ ಮರ ಇದ್ದರೆ ಅದು ಜಾಗದ ಮಾಲೀಕನದೇ, ಖರೆ. ಆದರೆ ಕಡಿಯಲು ಇಲಾಖೆಯ ಪರವಾನಗಿ ಬೇಕು.

ಇನ್ನೊಂದು ಮಾತು. ಇಂಥ ಮನೆಯನ್ನು ಶ್ರಾವಣದಲ್ಲಿ ನೋಡಿ ಒಪ್ಪಬೇಡಿ. ಏಪ್ರಿಲ್‌ನಲ್ಲಿ ಹೋಗಿ ನೋಡಿ. ಎಲೆ ಉದುರಿರುತ್ತದೆ, ಹಸಿರು ಹೋಗಿರುತ್ತದೆ, ಬಾವಿಯ ತಳ ಕಾಣುತ್ತದೋ ಇಲ್ಲವೋ ಗೊತ್ತಾಗುತ್ತದೆ. ಹತ್ತಿರದ ತಾಂಡಾದ ಹಿರಿಯರನ್ನು ಕೇಳಿದರೆ ನೀರಿನ ಖರೆ ಹಕೀಕತ್ತು ಹೇಳುತ್ತಾರೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗೆ ರೈಲು ಇದೆ, ಚಿಂಚೋಳಿಗೆ ಇಲ್ಲ. ಅರವತ್ತು ದಾಟಿದವರು ರಾತ್ರಿ ಎದೆ ಹಿಡಿದುಕೊಂಡರೆ ದವಾಖಾನೆ ಎಷ್ಟು ದೂರ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಣ್ಣಿನ ಮಾಳಿಗೆಯಾದರೆ ವರ್ಷಾ ಮಳೆಗಾಲಕ್ಕೂ ಮುಂಚೆ ಮಣ್ಣು ಹಾಕಿಸುವ ಖರ್ಚೂ ಇದೆ.

ಇಷ್ಟೆಲ್ಲ ನೋಡಿದ ಮೇಲೂ ಮನಸ್ಸು ಒಪ್ಪಿದರೆ ಧಾರಾಳವಾಗಿ ಕೊಳ್ಳಿ. ಖಾಲಿ ಮನೆಯಲ್ಲಿ ಮತ್ತೆ ಒಲೆ ಹತ್ತುವುದು ಒಳ್ಳೆಯದೇ. ಆದರೆ ಗೋಡೆ, ಜಂತಿ, ಬಾವಿಗೆ ಬೆಲೆ ಕಟ್ಟುವಾಗ ಹಿಂದಿನ ಅಡವಿಗೂ ಅದರ ಗಾಳಿಗೂ ರೊಕ್ಕ ಸೇರಿಸಬೇಡಿ. ಅದು ಮಾರುವವರದಲ್ಲ.