ಪರ್ಷಿಯದ ಹೋತ, ಮರುಭೂಮಿಯ ಬಿಲ್ಲುಗಾರ

ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿರುವ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಡೆಮಿಂಗ್ ಎಂಬ ಸಣ್ಣ ಊರೊಂದಿದೆ. ಹೆದ್ದಾರಿಯಲ್ಲಿ ಹೋಗುವವರು ಪೆಟ್ರೋಲು ತುಂಬಿಸಿಕೊಂಡು, ಒಂದು ಬಟ್ಟಲು ಕಾಫಿ ಕುಡಿದು ಮುಂದೆ ಸಾಗುವ ಊರು. ಅದರ ಆಗ್ನೇಯಕ್ಕೆ ಹದಿನೈದು ಮೈಲಿಯ ಆಸುಪಾಸಿನಲ್ಲಿ, ತಟ್ಟೆಯಂತೆ ಸಮನಾದ ಬಯಲಿನ ನಡುವೆ, ಮುರಿದ ಗರಗಸದ ಹಲ್ಲುಗಳಂತೆ ಒಂದು ಬೆಟ್ಟದ ಸಾಲು ಎದ್ದು ನಿಂತಿದೆ. ಅದರ ಹೆಸರು ಫ್ಲೋರಿಡಾ ಪರ್ವತ. ಸಮುದ್ರತೀರದ ಫ್ಲೋರಿಡಾ ರಾಜ್ಯಕ್ಕೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ‘ಹೂಗಳಿಂದ ಕೂಡಿದ್ದು’ ಎಂಬ ಅರ್ಥ ಕೊಡುವ ಈ ಹೆಸರನ್ನು ವರ್ಷದ ಬಹುಕಾಲ ಕೇಳಿದವರು ನಕ್ಕರೆ ತಪ್ಪಿಲ್ಲ. ಅಲ್ಲಿ ಕಾಣುವುದು ಬಂಡೆ, ಪಾಪಾಸುಕಳ್ಳಿ, ಸೂಜಿಮೊನೆಯ ಕತ್ತಾಳೆ, ಮತ್ತು ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಗೆ ದಾಯಾದಿಯಾದ ಮುಳ್ಳುಗಿಡ.

ಈ ನಿರ್ಜಲ ಬೆಟ್ಟಕ್ಕೆ ಪ್ರತಿ ವರ್ಷವೂ ಕೆಲವು ಮಂದಿ ಕೈಯಲ್ಲಿ ಬಿಲ್ಲು ಹಿಡಿದು ಬರುತ್ತಾರೆ. ಕೋವಿ, ದೂರವಾಣಿ, ದುರ್ಬೀನುಗಳ ಈ ಕಾಲದಲ್ಲಿ ಬಿಲ್ಲೇಕೆ ಎಂದು ಕೇಳಿದರೆ ಅವರು ಬೆಟ್ಟದ ತುದಿಯತ್ತ ಬೆರಳು ತೋರಿಸಿಯಾರು. ಅಲ್ಲಿ, ಮನುಷ್ಯನು ಕಾಲಿಡಲು ಹೆದರುವ ಬಂಡೆಯ ಅಂಚಿನಲ್ಲಿ, ಖಡ್ಗದಂತೆ ಹಿಂದಕ್ಕೆ ಬಾಗಿದ ಕೊಂಬುಗಳ ಹೋತವೊಂದು ಮೆಲುಕು ಹಾಕುತ್ತ ಮಲಗಿರುತ್ತದೆ. ಅದೇ ಪರ್ಷಿಯದ ಐಬೆಕ್ಸ್.

ಪರ್ಷಿಯದಿಂದ ಬಂದ ಅತಿಥಿ

ಈ ಪ್ರಾಣಿ ಅಮೆರಿಕದ್ದಲ್ಲ. ಇರಾನ್, ತುರ್ಕಿ ದೇಶಗಳ ಬೋಳು ಬೆಟ್ಟಗಳೇ ಇದರ ತವರು. ನಮ್ಮ ಹಿತ್ತಲಿನ ಆಡು ಮೇಕೆಗಳೆಲ್ಲಕ್ಕೂ ಇದೇ ಮೂಲಪುರುಷ. ಸುಮಾರು 10,000 ವರ್ಷಗಳ ಹಿಂದೆ ಇರಾನಿನ ಝಾಗ್ರೋಸ್ ಪರ್ವತಗಳ ಆಸುಪಾಸಿನ ಜನ ಈ ಕಾಡುಮೇಕೆಯನ್ನು ಪಳಗಿಸಿದರು. ಇದರ ಹೊಟ್ಟೆಯಲ್ಲಿ ಕೆಲವೊಮ್ಮೆ ದೊರೆಯುವ ಒಂದು ಬಗೆಯ ಕಲ್ಲಿಗೆ ವಿಷವನ್ನು ಇಳಿಸುವ ಶಕ್ತಿಯಿದೆಯೆಂದು ಹಿಂದಿನವರು ನಂಬಿದ್ದರು. ನಾವು ಗೋರೋಚನಕ್ಕೆ ಕೊಡುತ್ತಿದ್ದ ಬೆಲೆಯನ್ನು ಪರ್ಷಿಯದವರೂ ಯೂರೋಪಿನವರೂ ಇದಕ್ಕೆ ಕೊಡುತ್ತಿದ್ದರು. ಬೇಡಿಕೆ ಎಷ್ಟಿತ್ತೆಂದರೆ, ಹದಿನೇಳನೆಯ ಶತಮಾನದಲ್ಲಿ ನಮ್ಮ ನೆರೆಯ ಗೋವೆಯ ಜೆಸುಯಿಟ್ ಪಾದ್ರಿಗಳು ಕೃತಕವಾಗಿಯೇ ಇಂಥ ಕಲ್ಲುಗಳನ್ನು ತಯಾರಿಸಿ ದೇಶಾಂತರಗಳಿಗೆ ಕಳುಹಿಸುತ್ತಿದ್ದರು. ‘ಗೋವಾ ಕಲ್ಲು’ ಎಂಬ ಹೆಸರಿನ ಆ ಉಂಡೆಗಳು, ಅವನ್ನಿಡುತ್ತಿದ್ದ ಬಂಗಾರದ ಕುಸುರಿಗೂಡುಗಳ ಸಮೇತ, ಇಂದಿಗೂ ಪಾಶ್ಚಾತ್ಯ ವಸ್ತುಸಂಗ್ರಹಾಲಯಗಳಲ್ಲಿ ನೋಡಸಿಗುತ್ತವೆ.

ಇಂಥ ಮೇಕೆ ನ್ಯೂ ಮೆಕ್ಸಿಕೋಕ್ಕೆ ಬಂದದ್ದು ಸರಕಾರದ ಒಂದು ಯೋಜನೆಯಿಂದ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರದ ಪ್ರಾಧ್ಯಾಪಕರೂ ಸ್ವತಃ ದೊಡ್ಡ ಬೇಟೆಗಾರರೂ ಆಗಿದ್ದ ಫ್ರ್ಯಾಂಕ್ ಹಿಬ್ಬನ್ ಎಂಬವರು ಇದರ ಮುಂದಾಳು. ದೇಶೀಯ ಪ್ರಾಣಿಗಳು ವಿರಳವಾಗಿರುವ ಒಣ ಬೆಟ್ಟಗಳಲ್ಲಿ ಹೊರದೇಶದ ಬೇಟೆಪ್ರಾಣಿಗಳನ್ನು ನೆಲೆಗೊಳಿಸಬೇಕೆಂಬುದು ಅವರ ಹಂಬಲ. ಹೊರಗಿನಿಂದ ತಂದ ಗೊರಸಿನ ಪ್ರಾಣಿಗಳನ್ನು ನೇರವಾಗಿ ಕಾಡಿಗೆ ಬಿಡಲು ರೋಗತಡೆಯ ಕಾನೂನು ಒಪ್ಪುತ್ತಿರಲಿಲ್ಲ. ಆವರಣದೊಳಗೆ ಹುಟ್ಟಿದ ಮರಿಗಳನ್ನು ಮಾತ್ರ ಬಿಡಬಹುದಾಗಿತ್ತು. 1970ರಲ್ಲಿ ಮೊದಲ ಐಬೆಕ್ಸುಗಳು ಫ್ಲೋರಿಡಾ ಪರ್ವತದ ಬಂಡೆಗಳ ಮೇಲೆ ಕಾಲಿಟ್ಟವು. ಬಂಡೆ ಅವಕ್ಕೆ ಹೊಸದೆನಿಸಲಿಲ್ಲ. ಮುಂದಿನ ವರ್ಷಗಳಲ್ಲಿ ಅವು ಕೆಲವು ನೂರಾಗಿ ಬೆಳೆದವು. ಹೀಗೆ ಒಂದು ನಾಡಿನ ಪ್ರಾಣಿಯನ್ನು ಮತ್ತೊಂದು ನಾಡಿನಲ್ಲಿ ಬಿತ್ತುವುದು ಯುಕ್ತವೇ ಎಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ, ಮುಗಿಯಬೇಕಾದದ್ದೂ ಅಲ್ಲ. ಆದರೆ ಬಂದದ್ದು ಬಂದಾಯಿತು. ಆ ಬಡ ಬೆಟ್ಟದ ಹುಲ್ಲು ಪೊದೆ ಎಷ್ಟು ಬಾಯಿಗಳನ್ನು ಸಾಕಬಲ್ಲುದೋ ಅಷ್ಟಕ್ಕೇ ಸಂಖ್ಯೆ ನಿಲ್ಲಬೇಕಾದರೆ ಬೇಟೆ ಬೇಕೆಂಬುದು ಸರಕಾರದ ನಿಲುವು.

ನಮ್ಮ ಪಶ್ಚಿಮ ಘಟ್ಟದ ವರಯಾಡನ್ನೂ ಆಂಗ್ಲ ಬೇಟೆಗಾರರು ಒಂದು ಕಾಲಕ್ಕೆ ‘ನೀಲಗಿರಿ ಐಬೆಕ್ಸ್’ ಎಂದು ಕರೆದು ಹೊಡೆಯುತ್ತಿದ್ದರು. ಅದು ಐಬೆಕ್ಸೂ ಅಲ್ಲ, ಈಗ ಹೊಡೆಯುವ ಪ್ರಾಣಿಯೂ ಅಲ್ಲ. 1972ರ ವನ್ಯಜೀವಿ ಕಾಯಿದೆ ಅದಕ್ಕೆ ಪೂರ್ಣ ರಕ್ಷಣೆಯನ್ನಿತ್ತಿದೆ.

ಅರ್ಜಿ, ಅದೃಷ್ಟ, ಅಭ್ಯಾಸ

ಬೇಟೆ ಬೆಟ್ಟದಲ್ಲಿ ಮೊದಲಾಗುವುದಿಲ್ಲ. ಮೇಜಿನ ಮುಂದೆ ಮೊದಲಾಗುತ್ತದೆ. ವಸಂತ ಕಾಲಿಡುವ ಮೊದಲೇ ಸರಕಾರಕ್ಕೆ ಅರ್ಜಿ ಹಾಕಬೇಕು. ಅರ್ಜಿಗಳನ್ನು ಚೀಟಿ ಎತ್ತುವ ಕ್ರಮದಲ್ಲಿ ಆರಿಸುತ್ತಾರೆ. ಪರವಾನಗಿಗಳಲ್ಲಿ ನೂರಕ್ಕೆ 84 ಪಾಲು ಆ ರಾಜ್ಯದ ನಿವಾಸಿಗಳಿಗೆ, 10 ಪಾಲು ನೋಂದಾಯಿತ ಮಾರ್ಗದರ್ಶಕರೊಡನೆ ಬರುವವರಿಗೆ, ಉಳಿದ 6 ಮಾತ್ರ ಹೊರಗಿನವರಿಗೆ. ಹಲವು ರಾಜ್ಯಗಳಲ್ಲಿ ವರ್ಷವರ್ಷವೂ ಕಾದವನಿಗೆ ಒಂದಿಷ್ಟು ಮನ್ನಣೆಯುಂಟು. ನ್ಯೂ ಮೆಕ್ಸಿಕೋದಲ್ಲಿ ಅದೂ ಇಲ್ಲ. ಇಪ್ಪತ್ತು ವರ್ಷ ಅರ್ಜಿ ಹಾಕಿದ ಮುದುಕನೂ ಮೊದಲ ಸಲ ಹಾಕಿದ ಹುಡುಗನೂ ಚೀಟಿಯ ಮುಂದೆ ಸಮಾನರು. ಕೋವಿಯವರಿಗಿಂತ ಬಿಲ್ಲಿನವರಿಗೆ ದೊರೆಯುವ ಪರವಾನಗಿಗಳು ಹೆಚ್ಚು. ಇದು ಔದಾರ್ಯವಲ್ಲ. ಬಿಲ್ಲಿನವರಲ್ಲಿ ಬಹುಪಾಲು ಮಂದಿ ಬರಿಗೈಯಲ್ಲಿ ಹಿಂದಿರುಗುತ್ತಾರೆಂಬುದು ಇಲಾಖೆಗೆ ಚೆನ್ನಾಗಿ ಗೊತ್ತು.

ಚೀಟಿಯಲ್ಲಿ ಹೆಸರು ಬಂದವನಿಗೆ ಕೆಲವು ತಿಂಗಳ ಅವಧಿ ದೊರೆಯುತ್ತದೆ. ಆ ಅವಧಿಯನ್ನು ಅವನು ಹೇಗೆ ಕಳೆಯುತ್ತಾನೆಂಬುದರ ಮೇಲೆಯೇ ಮಿಕ್ಕೆಲ್ಲವೂ ನಿಂತಿದೆ.

ಅವನ ಬಿಲ್ಲು ಪುರಾಣದ ಬಿಲ್ಲಲ್ಲ. ಮಿಸೂರಿ ರಾಜ್ಯದ ಹಾಲಿಸ್ ವಿಲ್ಬರ್ ಆ್ಯಲನ್ ಎಂಬಾತ 1969ರಲ್ಲಿ ಹಕ್ಕುಪತ್ರ ಪಡೆದ ರಾಟೆಬಿಲ್ಲು ಅದು. ಎರಡು ತುದಿಗಳಲ್ಲಿರುವ ರಾಟೆಗಳ ಮೂಲಕ ಹೆದೆ ಹಾಯ್ದಿರುವುದರಿಂದ, ಪೂರ್ತಿ ಸೆಳೆದ ಮೇಲೆ ಹಿಡಿದು ನಿಲ್ಲಲು ಬೇಕಾದ ಬಲ ಬಹಳ ಕಡಿಮೆಯಾಗುತ್ತದೆ. ಗುರಿ ನೋಡಲು ಸಾವಕಾಶ ಸಿಗುತ್ತದೆ. ಇಷ್ಟಾದರೂ ಬಾಣ ಬಾಣವೇ, ಗುಂಡಲ್ಲ. ಒಳ್ಳೆಯ ರಾಟೆಬಿಲ್ಲಿನಿಂದ ಹೊರಟ ಬಾಣ ಸೆಕೆಂಡಿಗೆ ಸುಮಾರು 280 ಅಡಿ ಹೋಗುತ್ತದೆ. 40 ಗಜ ದೂರದ ಮೇಕೆಯನ್ನು ತಲಪಲು ಅದಕ್ಕೆ ಅರ್ಧ ಸೆಕೆಂಡಿಗೆ ಸ್ವಲ್ಪ ಕಡಿಮೆ ಹೊತ್ತು ಬೇಕು. ಹೆದೆಯ ಸದ್ದಾದರೋ ಸೆಕೆಂಡಿಗೆ 1,100 ಅಡಿಗೂ ಮಿಗಿಲಾದ ವೇಗದಲ್ಲಿ ಮೊದಲೇ ಹೋಗಿ ಮುಟ್ಟುತ್ತದೆ. ಸದ್ದು ಕಿವಿಗೆ ಬಿದ್ದು ಬಾಣ ಮೈಗೆ ತಗಲುವುದರೊಳಗೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಅಂತರ. ಮನುಷ್ಯನಿಗೆ ಅದು ಕಣ್ಣು ಮಿಟುಕಿಸುವ ಹೊತ್ತು. ಬೆಚ್ಚಿದ ಐಬೆಕ್ಸಿಗೆ ಮೈ ಕುಗ್ಗಿಸಿ ತಿರುಗಲು ಅಷ್ಟು ಸಾಕು. ಪಕ್ಕೆಗೆ ಇಟ್ಟ ಗುರಿ ಬೆನ್ನಿಗೋ ತೊಡೆಗೋ ಬಿದ್ದು, ಗಾಯಗೊಂಡ ಪ್ರಾಣಿ ಯಾರೂ ಹೋಗಲಾರದ ಬಂಡೆಗೆ ಏರಿಬಿಡುತ್ತದೆ. ಬಿಲ್ಲುಗಾರರ ನಿದ್ದೆಗೆಡಿಸುವ ಸಂಗತಿ ಇದೇ. ಪ್ರಾಣಿ ಸಿಗದಿದ್ದರೆ ಒಂದು ವರ್ಷದ ನಿರಾಶೆ. ಗಾಯಗೊಂಡು ಸಿಗದಿದ್ದರೆ?

ಆದಕಾರಣ ಬಲ್ಲವರು ಮನೆಯಲ್ಲಿ ಅಭ್ಯಾಸ ಮಾಡುವಾಗಲೇ ತಮ್ಮ ದೂರವನ್ನು ನಿರ್ಧರಿಸಿಕೊಂಡಿರುತ್ತಾರೆ. ಹತ್ತು ಬಾಣಗಳಲ್ಲಿ ಹತ್ತೂ ಒಂದು ಊಟದ ತಟ್ಟೆಯೊಳಗೆ ಬೀಳುವ ದೂರ ಯಾವುದೋ ಅದೇ ಅವರ ಮೇರೆ. ಬೆಟ್ಟದಲ್ಲಿ ಏದುಸಿರು ಬಿಡುತ್ತ ನಿಂತಾಗ ಅದರಲ್ಲೂ ಕಳೆಯಬೇಕು. ಮೈದಾನದಲ್ಲಿ ಮಾಡಿದ ಅಭ್ಯಾಸ ಮಾತ್ರ ಸಾಲದು. ಕಡಿದಾದ ಇಳಿಜಾರಿನಲ್ಲಿ ಬಾಣದ ಲೆಕ್ಕವೇ ಬೇರೆ. ಭೂಮಿಯ ಸೆಳೆತ ಬಾಣವನ್ನು ಕೆಳಕ್ಕೆ ಎಳೆಯುವ ಪ್ರಮಾಣ ನೆಲದ ಮೇಲಿನ ಅಡ್ಡದೂರಕ್ಕೆ ಅನುಗುಣವಾದದ್ದು, ಕಣ್ಣಿನ ನೇರದ ದೂರಕ್ಕಲ್ಲ. 40 ಗಜ ದೂರದಲ್ಲಿ, 40 ಡಿಗ್ರಿ ಕೋನದಲ್ಲಿ ಕೆಳಗೆ ನಿಂತ ಮೇಕೆಗೆ 31 ಗಜದ ಗುರಿಯಿಡಬೇಕು. ಶಾಲೆಯ ತ್ರಿಕೋನಮಿತಿಯನ್ನು ಮರೆತು 40 ಗಜದ ಗುರಿಯನ್ನೇ ಇಟ್ಟವನ ಬಾಣ ಮೇಕೆಯ ಬೆನ್ನ ಮೇಲಿಂದ ಹಾರಿ ಕಮರಿಯ ಪಾಲಾಗುತ್ತದೆ. ಈಗ ಕೋನವನ್ನೂ ಲೆಕ್ಕ ಹಾಕಿ ಹೇಳುವ ದೂರಮಾಪಕಗಳು ದೊರೆಯುತ್ತವೆ. ಆದರೂ ಮನೆಯ ಮಹಡಿಯಿಂದಲೋ ಊರಾಚೆಯ ಗುಡ್ಡದಿಂದಲೋ ಇಳಿಮುಖವಾಗಿ ಬಾಣ ಬಿಟ್ಟು ನೋಡದವನು ಯಂತ್ರವನ್ನು ನಂಬಿ ಹೊರಡುವುದು ಜಾಣತನವಲ್ಲ.

ನೀರಿನ ಲೆಕ್ಕ

ಬಿಲ್ಲಿನ ಕಾಲ ಸಾಮಾನ್ಯವಾಗಿ ಅಕ್ಟೋಬರಿನಲ್ಲೂ ಜನವರಿಯಲ್ಲೂ ಬೀಳುತ್ತದೆ. ಆಯಾ ವರ್ಷದ ನಿಯಮಪುಸ್ತಕವನ್ನು ನೋಡಿಕೊಂಡೇ ದಿನ ಗೊತ್ತುಮಾಡಬೇಕು. ಅಕ್ಟೋಬರಿನ ಹಗಲು ಹಿತವಾದ ಬಿಸಿಲು, ಇರುಳು ಚಳಿ. ಜನವರಿಯ ಇರುಳಿನಲ್ಲಿ ನೀರಿನ ಬಾಟಲಿಯೇ ಹೆಪ್ಪುಗಟ್ಟುತ್ತದೆ. ಅಕ್ಟೋಬರಿನಲ್ಲಿ ಬಾಲದ ಗಿಲಕಿಯಾಡಿಸುವ ವಿಷಸರ್ಪಗಳು ಇನ್ನೂ ಬಂಡೆಗಳ ಮೇಲೆ ಬಿಸಿಲು ಕಾಯಿಸುತ್ತಿರುತ್ತವೆ. ಕೈಯೂರಿ ಹತ್ತುವವನು ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬಾರದು.

ಡೆಮಿಂಗ್ ಪ್ರದೇಶಕ್ಕೆ ವರ್ಷಕ್ಕೆ ಸುಮಾರು 10 ಅಂಗುಲ ಮಳೆ. ಬೆಟ್ಟದಲ್ಲಿ ನಂಬಿ ಹೋಗಬಹುದಾದ ಹೊಳೆಯೊಂದೂ ಇಲ್ಲ. ದಿನಕ್ಕೆ ಒಬ್ಬನಿಗೆ ಕಡಮೆಯೆಂದರೂ 4 ಲೀಟರು ನೀರು ಬೇಕು. ಎಂದರೆ 4 ಕಿಲೋ ಭಾರ. ಮೂರು ದಿನ ಮೇಲೆಯೇ ತಂಗುತ್ತೇನೆಂದು ಹೊರಟವನು ನೀರೊಂದನ್ನೇ 12 ಕಿಲೋ ಹೊರಬೇಕು. ಅದರ ಮೇಲೆ ಬಿಲ್ಲು, ಹಾಸಿಗೆಚೀಲ, ಆಹಾರ, ದುರ್ಬೀನು. ಆದುದರಿಂದ ಹಲವರು ಬೇಟೆಯ ಕಾಲ ತೆರೆಯುವ ಮುನ್ನವೇ ಒಮ್ಮೆ ಬಂದು, ನೀರಿನ ಡಬ್ಬಗಳನ್ನು ಬೆಟ್ಟದ ನಡುವಿನಲ್ಲಿ ಗುರುತಿನ ಜಾಗದಲ್ಲಿಟ್ಟು ಹೋಗುತ್ತಾರೆ. ಇನ್ನು ಕೆಲವರು ಬುಡದಲ್ಲೇ ಬಿಡಾರ ಹೂಡಿ ದಿನದಿನವೂ ಹತ್ತಿಳಿಯುತ್ತಾರೆ. ಬಯಲಿನಿಂದ ತುದಿಗೆ ಸುಮಾರು 3,000 ಅಡಿ ಏರು. ತುತ್ತತುದಿ ಸಮುದ್ರಮಟ್ಟಕ್ಕಿಂತ 7,400 ಅಡಿಗೂ ಎತ್ತರ. ದಿನವೂ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲನ್ನು ಹಲವು ಸಲ ಹತ್ತಿಳಿದಂತೆ, ಮೆಟ್ಟಿಲಿಲ್ಲದೆ.

ಬೂಟಿನ ವಿಷಯದಲ್ಲಿ ಕಂಜೂಸಿ ಸಲ್ಲದು. ಮೆತ್ತನೆಯ ಅಟ್ಟೆ ಎರಡೇ ದಿನಗಳಲ್ಲಿ ಹರಿಯುತ್ತದೆ. ಕತ್ತಾಳೆಯ ಮೊನೆ ದಪ್ಪ ಷರಾಯಿಯನ್ನೂ ತೂರಿ ಹೊಗುವುದರಿಂದ ಮುಳ್ಳು ಕೀಳುವ ಚಿಮುಟವೊಂದು ಜೇಬಿನಲ್ಲಿರಬೇಕು. ಬೆಟ್ಟಕ್ಕೆ ಹೋಗುವ ದಾರಿಗಳಲ್ಲಿ ಕೆಲವು ಖಾಸಗಿ ಜಮೀನಿನ ಮೇಲೆ ಹಾಯುತ್ತವೆ. ನಕ್ಷೆಯನ್ನು ನೋಡಿ ಮುಂಚಿತವಾಗಿ ಒಪ್ಪಿಗೆ ಪಡೆಯದವನು ಬೇಲಿಯ ಬಳಿಯೇ ಹಿಂತಿರುಗಬೇಕಾದೀತು. ಯಾವ ಕಮರಿಯಲ್ಲಿ ಹತ್ತುತ್ತೇನೆ, ಎಂದು ಇಳಿಯುತ್ತೇನೆ ಎಂಬುದನ್ನು ಬರೆದು ಹೆಂಡತಿಯ ಅಥವಾ ಗೆಳೆಯನ ಕೈಗೆ ಕೊಟ್ಟು ಹೊರಡುವುದು ಈ ಸಿದ್ಧತೆಗಳಲ್ಲೆಲ್ಲ ಅಗ್ಗವಾದದ್ದು, ಮತ್ತು ಹೆಚ್ಚಾಗಿ ಮರೆಯುವಂಥದು.

ಗಾಳಿ ತಿರುಗುವ ಹೊತ್ತು

ಬೇಟೆಯ ಮೊದಲ ದಿನ ಬಿಲ್ಲಿಗೆ ಕೆಲಸವಿಲ್ಲ. ನಸುಕಿನಲ್ಲೇ ಬಯಲಿನಲ್ಲಿ ಕುಳಿತು, ಮುಕ್ಕಾಲಿಯ ಮೇಲೆ ದುರ್ಬೀನನ್ನು ನಿಲ್ಲಿಸಿ, ಬೆಟ್ಟದ ಮೈಯನ್ನು ಗೆರೆಗೆರೆಯಾಗಿ ಓದಬೇಕು. ಕಂದುಬಂಡೆಯ ಮೇಲೆ ಕಂದುಮೇಕೆ, ಅಲುಗದಿದ್ದರೆ ಕಾಣದು. ಹೆಣ್ಣುಮೇಕೆಗಳ ಕೊಂಬು ಸಣ್ಣದು, ತೆಳುವಾದದ್ದು. ಬಲಿತ ಹೋತಕ್ಕೆ ಕಪ್ಪು ಗಡ್ಡ, ಭುಜದ ಮೇಲೆ ಕಪ್ಪು ಪಟ್ಟೆ, ಕೊಂಬಿನ ಉದ್ದ 40 ಅಂಗುಲ ಮೀರುವುದೂ ಉಂಟು.

ಕಂಡ ಕೂಡಲೆ ನೆಟ್ಟಗೆ ಅದರತ್ತ ಹತ್ತಿದವನು ಅದನ್ನು ಮತ್ತೆ ನೋಡುವುದಿಲ್ಲ. ಅಪಾಯ ಕೆಳಗಿನಿಂದ ಬರುತ್ತದೆಂಬುದು ಐಬೆಕ್ಸಿನ ವಂಶಪಾರಂಪರ್ಯದ ತಿಳಿವು. ಬಂಡೆಯಂಚಿನಲ್ಲಿ ಮಲಗಿ ಅದು ಹಗಲೆಲ್ಲ ಕೆಳಗಿನ ಇಳಿಜಾರನ್ನೇ ನೋಡುತ್ತಿರುತ್ತದೆ. ಬಿಲ್ಲುಗಾರ ಬೆಟ್ಟದ ಮರೆಯ ಮೈಯಿಂದ ಹತ್ತಿ ಅದರ ಮೇಲ್ಗಡೆಗೆ ಬರಬೇಕು. ಬಂದರೂ ಗಾಳಿ ಒಪ್ಪಬೇಕು. ರಾತ್ರಿ ತಣಿದ ಗಾಳಿ ಬೆಳಗಿನ ಹೊತ್ತು ಕಮರಿಯುದ್ದಕ್ಕೂ ಕೆಳಕ್ಕೆ ಇಳಿಯುತ್ತಿರುತ್ತದೆ. ಆಗ ಮೇಲೆ ನಿಂತವನ ಮೈವಾಸನೆ ನೇರವಾಗಿ ಮೇಕೆಯ ಮೂಗಿಗೆ. ಬಿಸಿಲೇರಿ ಬಂಡೆ ಕಾದ ಮೇಲೆ ಗಾಳಿ ಮೇಲ್ಮುಖವಾಗುತ್ತದೆ. ಆ ತಿರುವಿಗಾಗಿ ಒಂದು ಬಂಡೆಯ ಹಿಂದೆ ಎರಡು ಗಂಟೆ ಮಿಸುಕದೆ ಕುಳಿತಿರುವುದೇ ಈ ಬೇಟೆಯ ಅತ್ಯಂತ ಕಠಿಣವಾದ ಭಾಗವೆಂದು ಅನುಭವಿಗಳ ಮತ. ಕಾಲಡಿಯಲ್ಲಿ ಹರಳುಗಲ್ಲುಗಳು, ಒಂದು ಜಾರಿದರೆ ಸಾಕು, ಬೆಳಗಿನಿಂದ ಮಾಡಿದ್ದೆಲ್ಲ ವ್ಯರ್ಥ.

ಕೊನೆಗೆ ಹೋತ ಮೂವತ್ತು ನಾಲ್ವತ್ತು ಗಜದಲ್ಲಿ ಎದ್ದು ನಿಂತಿತೆನ್ನೋಣ. ಆಗಲೂ ಬಿಲ್ಲುಗಾರ ಮೊದಲು ನೋಡಬೇಕಾದದ್ದು ಹೋತವನ್ನಲ್ಲ, ಅದರ ಹಿಂದಿನ ನೆಲವನ್ನು. ಬಾಣ ತಗಲಿದ ಪ್ರಾಣಿ ನಾಲ್ಕು ಹೆಜ್ಜೆಯೋಡಿ ಬೀಳುವುದು ಎಲ್ಲಿ? ಅಂಚಿನಾಚೆ ನೂರಡಿ ಪ್ರಪಾತವಿದ್ದರೆ ಕೊಂಬು ಚೂರಾಗುವುದು, ಮಾಂಸ ಹಾಳಾಗುವುದು. ಅದನ್ನು ತರಲು ಇಳಿದವನು ತಾನೂ ಹಿಂದಿರುಗದೆ ಇರಬಹುದು. ಕೈಯೂರಿ ಹತ್ತಿದ ಜಾಗದಿಂದ ಇಳಿಯುವುದು ಹತ್ತಿದಷ್ಟು ಸುಲಭವಲ್ಲ. ಅರ್ಜಿ, ಹಣ, ಬೆವರು ಎಲ್ಲವನ್ನೂ ಕಳೆದು ಬಂದವನು ಅಂಥ ಗಳಿಗೆಯಲ್ಲಿ ಸೆಳೆದ ಹೆದೆಯನ್ನು ಮೆಲ್ಲಗೆ ಸಡಿಲಿಸಿ, ಬಾಣವನ್ನು ಬತ್ತಳಿಕೆಗೆ ಹಿಂದಿಡುವುದು ಸಾಮಾನ್ಯ ಸಂಯಮವಲ್ಲ. ಹಾಗೆ ಹಿಂದಿಟ್ಟವರು ಇದ್ದಾರೆ; ಅವರ ಭಾವಚಿತ್ರ ಮಾತ್ರ ಯಾವ ಬೇಟೆಯ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ.

ಬಾಣ ಸರಿಯಾಗಿ ತಗಲಿ, ಹೋತ ಕೈಗೆ ಸಿಕ್ಕುವ ಜಾಗದಲ್ಲೇ ಬಿದ್ದರೂ ಕೆಲಸ ಮುಗಿಯಲಿಲ್ಲ. ತಿನ್ನುವ ಮಾಂಸವನ್ನು ಬೆಟ್ಟದಲ್ಲಿ ಬಿಟ್ಟುಬರಲು ಅಲ್ಲಿನ ಕಾನೂನು ಬಿಡುವುದಿಲ್ಲ. ಪ್ರಾಣಿಗೆ ಪರವಾನಗಿಯ ಚೀಟಿ ಕಟ್ಟಿ, ಅಲ್ಲಿಯೇ ಮಾಂಸ ಬಿಡಿಸಿ, ಗಾಳಿಯಾಡುವ ಚೀಲಗಳಿಗೆ ತುಂಬಿ ಬೆನ್ನಿಗೇರಿಸಬೇಕು. ಮಾಂಸ, ತೊಗಲು, ಕೊಂಬುಗಳನ್ನು ಒಬ್ಬನೇ ಒಂದೇ ಸಲಕ್ಕೆ ತರಲಾರ. ಕತ್ತಲಾದರೆ ಹಣೆಗೆ ಕಟ್ಟಿಕೊಂಡ ದೀಪದ ಬೆಳಕಿನಲ್ಲಿ, ಬೆನ್ನ ಮೇಲಿನ ಕೊಂಬು ಜಾಲಿಯ ಕೊಂಬೆಗಳಿಗೆ ತೊಡರಿಕೊಳ್ಳುತ್ತಿರಲು, ಒಂದೊಂದೇ ಹೆಜ್ಜೆಯನ್ನು ಪರೀಕ್ಷಿಸಿ ಇಳಿಯಬೇಕು. ದೂರದಲ್ಲಿ ಡೆಮಿಂಗಿನ ದೀಪಗಳು ಕಾಣುತ್ತಿರುತ್ತವೆ. ಬಾಟಲಿಯಲ್ಲಿ ಉಳಿದ ನೀರು ಎರಡು ಗುಟುಕು, ಮಿಕ್ಕ ಅರ್ಧ ಹೊರೆ ಇನ್ನೂ ಮೇಲೆಯೇ ಇದೆ.